ಮಗುವಿನ ಭಾಷೆ, ಶಾಲೆಯ ಕರ್ತವ್ಯ

(ಆಕಾಶವಾಣಿ ಭಾಷಣ)



ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಒಂದೇ ಬಗೆಯ ಊಟ ಬಡಿಸಿದರೆ ಪಂಕ್ತಿಭೇದವಾಗಲಿಲ್ಲವೆಂದು ನಾವು ಸಮಾಧಾನಪಡುತ್ತೇವೆ. ಆದರೆ ಆ ಸಾಲಿನಲ್ಲಿ ಹಲ್ಲು ಮೂಡದ ಕೂಸೊಂದಿದ್ದು, ಅದರ ಎಲೆಗೂ ಚಕ್ಕುಲಿಯನ್ನೇ ಹಾಕಿ, ಎಲ್ಲರಿಗೂ ಸಮನಾಗಿ ಬಡಿಸಿದ್ದೇವೆ ಎಂದರೆ ಅದು ನ್ಯಾಯವಾದೀತೆ? ಶಾಲೆಯ ಭಾಷೆಯನ್ನು ಕುರಿತು ಇಂಥದೇ ಪ್ರಶ್ನೆಯೊಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅದರ ವೃತ್ತಾಂತ ನಮಗೂ ವಿಚಾರಾರ್ಹವಾದುದು.

ಸ್ಯಾನ್ ಫ್ರಾನ್ಸಿಸ್ಕೊ ಕ್ಯಾಲಿಫೋರ್ನಿಯಾ ರಾಜ್ಯದ ರೇವುಪಟ್ಟಣ. ನ್ಯಾಯಾಲಯದ ಮುಂದಿದ್ದ ಲೆಕ್ಕದಂತೆ, 1970ರ ಸುಮಾರಿಗೆ ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ ಮಕ್ಕಳು 2,856. ಇವರಲ್ಲಿ ಸುಮಾರು 1,000 ಮಂದಿಗೆ ಇಂಗ್ಲಿಷಿನ ಹೆಚ್ಚುವರಿ ಪಾಠ ದೊರೆಯುತ್ತಿತ್ತು. ಉಳಿದ ಸುಮಾರು 1,800 ಮಂದಿಗೆ ಅದೂ ಇರಲಿಲ್ಲ. 6ರಿಂದ 16 ವರ್ಷದವರೆಗೆ ಶಾಲೆಗೆ ಬರಲೇಬೇಕೆಂಬುದು ಅಲ್ಲಿನ ಆಗಿನ ಕಾನೂನು. ಇಂಗ್ಲಿಷಿನಲ್ಲಿ ಪ್ರಾವೀಣ್ಯವಿಲ್ಲದವರಿಗೆ ಪ್ರೌಢಶಾಲೆಯ ಅರ್ಹತಾಪತ್ರವಿಲ್ಲ ಎಂಬುದೂ ಕಾನೂನೇ. ಆ ಇಂಗ್ಲಿಷನ್ನು ಕಲಿಸುವ ಹೊಣೆ ಮಾತ್ರ ಯಾರದೂ ಅಲ್ಲ! ಮಕ್ಕಳ ಪರವಾಗಿ ದಾವೆ ಹೂಡಿದಾಗ ಕೆಳಗಿನ ನ್ಯಾಯಾಲಯಗಳು ಅದನ್ನು ತಳ್ಳಿಹಾಕಿದವು. ಪ್ರತಿಯೊಂದು ಮಗುವೂ ತನ್ನ ಮನೆತನದ ಅನುಕೂಲ ಪ್ರತಿಕೂಲಗಳನ್ನು ಹೊತ್ತುಕೊಂಡೇ ಶಾಲೆಗೆ ಬರುತ್ತದೆ, ಅದಕ್ಕೆ ಶಾಲೆ ಹೊಣೆಯಲ್ಲ ಎಂಬುದು ಮೇಲ್ಮನವಿಯ ನ್ಯಾಯಾಲಯದ ತರ್ಕ.

1974ರ ಜನವರಿ 21ರಂದು ಸರ್ವೋಚ್ಚ ನ್ಯಾಯಾಲಯ ಈ ತರ್ಕವನ್ನು ಒಪ್ಪದೆ, ಒಮ್ಮತದಿಂದ ಮಕ್ಕಳ ಪರವಾಗಿ ತೀರ್ಪಿತ್ತಿತು. ಇದೇ ‘ಲೌ–ನಿಕೋಲ್ಸ್’ ಮೊಕದ್ದಮೆ. ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಕೇಂದ್ರ ಸರ್ಕಾರದ ಹಣ ಪಡೆಯುವ ಕಾರ್ಯಗಳಲ್ಲಿ ಜನಾಂಗ, ವರ್ಣ, ಮೂಲದೇಶಗಳ ಕಾರಣದಿಂದ ಭೇದ ಮಾಡಕೂಡದೆಂಬ 1964ರ ನಾಗರಿಕ ಹಕ್ಕುಗಳ ಕಾಯಿದೆಯೇ ಅದಕ್ಕೆ ಆಧಾರ. ಒಂದೇ ಕಟ್ಟಡ, ಒಂದೇ ಪುಸ್ತಕ, ಒಬ್ಬರೇ ಉಪಾಧ್ಯಾಯರು ಇದ್ದಮಾತ್ರಕ್ಕೆ ಸಮಾನತೆ ಬಂದಂತಾಗದು, ಅರ್ಥವಾಗದ ಭಾಷೆಯಲ್ಲಿ ಕುಳಿತ ಮಗು ವಿದ್ಯೆಯಿಂದ ವಂಚಿತವೇ ಎಂಬುದು ಅದರ ಸಾರ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದ್ವಿಭಾಷಾ ಶಿಕ್ಷಣವನ್ನೇ ಕೊಡತಕ್ಕದ್ದು ಎಂದು ಆ ತೀರ್ಪು ವಿಧಿಸಲಿಲ್ಲ. ಇಂಗ್ಲಿಷ್ ಕಲಿಸುವುದು ಒಂದು ದಾರಿ. ಚೀನೀ ಭಾಷೆಯಲ್ಲಿಯೇ ಪಾಠ ಹೇಳುವುದು ಇನ್ನೊಂದು. ಬೇರೆ ದಾರಿಗಳೂ ಇರಬಹುದು ಎಂದಷ್ಟೇ ಹೇಳಿತು. ಅದೇ ವರ್ಷ ಅಲ್ಲಿಯ ಶಾಸನಸಭೆ, ಭಾಷೆಯ ಅಡ್ಡಿಯನ್ನು ನೀಗಲು ತಕ್ಕ ಕ್ರಮ ಕೈಗೊಳ್ಳುವುದು ಶಾಲೆಗಳ ಕರ್ತವ್ಯವೆಂದು ಕಾಯಿದೆ ಮಾಡಿತು. ತಕ್ಕ ಕ್ರಮವೆಂದರೇನು? 1981ರಲ್ಲಿ ಟೆಕ್ಸಾಸಿನಿಂದ ಬಂದ ಮೊಕದ್ದಮೆಯೊಂದರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದಕ್ಕೆ ಮೂರು ಒರೆಗಲ್ಲುಗಳನ್ನು ಕೊಟ್ಟಿತು: ಹಿಡಿದ ವಿಧಾನಕ್ಕೆ ಶಾಸ್ತ್ರದ ಆಧಾರವಿದೆಯೆ? ಅದನ್ನು ನಡೆಸಲು ಬೇಕಾದ ಉಪಾಧ್ಯಾಯರೂ ಸಾಧನಗಳೂ ಇವೆಯೆ? ಕೊನೆಗೆ, ಅಡ್ಡಿ ನಿಜವಾಗಿಯೂ ನೀಗಿತೆ?

ವಿಧಾನದ ವಿಷಯದಲ್ಲಿ ಜನಮತ ಹೊಯ್ದಾಡಿದ್ದುಂಟು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ನಿಲ್ಲಿಸಿದರು. 2016ರಲ್ಲಿ ಅದೇ ಮತದಾರರು ಆ ನಿರ್ಬಂಧವನ್ನು ತೆಗೆದುಹಾಕಿದರು. ದಾರಿ ಬದಲಾಯಿತು, ಮಗುವಿಗೆ ಪಾಠ ತಿಳಿಯುವಂತೆ ಮಾಡುವ ಹೊಣೆ ಹಾಗೆಯೇ ಉಳಿಯಿತು.

ಆದರೆ 1974ರ ತೀರ್ಪಿನಲ್ಲಿಯೇ ನನ್ನನ್ನು ಕಾಡುವ ಮಾತೊಂದಿದೆ. ನ್ಯಾಯಮೂರ್ತಿ ಬ್ಲಾಕ್‌ಮನ್ ಪ್ರತ್ಯೇಕವಾಗಿ ಬರೆಯುತ್ತ, ಮಕ್ಕಳ ಸಂಖ್ಯೆ ದೊಡ್ಡದಾದ್ದರಿಂದಲೇ ತಾವು ಒಪ್ಪಿದ್ದೆಂದು ಸೂಚಿಸಿದರು. ಬೇರೆ ಭಾಷೆಯಾಡುವ ಮಗು ಒಂದೇ ಒಂದು ಇದ್ದರೆ?

ನಮ್ಮ ದೇಶವೂ ಈ ಸಂಖ್ಯೆಯ ಗಂಟನ್ನು ಬಲ್ಲದು. 1949ರ ಪ್ರಾಂತೀಯ ವಿದ್ಯಾಮಂತ್ರಿಗಳ ಸಮ್ಮೇಳನವು ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಉಪಾಧ್ಯಾಯರನ್ನು ಒದಗಿಸಬೇಕೆಂದಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಅದೇ ವರ್ಷ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಂಟು. ಆದರೂ ಕನ್ನಡ ಬಾರದ ಉಪಾಧ್ಯಾಯರನ್ನು ಕನ್ನಡ ಮಕ್ಕಳ ತರಗತಿಗೆ ನೇಮಿಸಿದರೆಂದು ಈಚಿನ ವರ್ಷಗಳಲ್ಲಿ ಅಲ್ಲಿಯ ಕನ್ನಡಿಗರು ದನಿಯೆತ್ತಬೇಕಾಯಿತು. ಎರಡನೆಯ ಒರೆಗಲ್ಲಿನ ಬೆಲೆ ಇಲ್ಲಿ ತಿಳಿಯುತ್ತದೆ.

ಇನ್ನು ನಮ್ಮ ಮನೆಯ ಮಾತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ತಂದೆತಾಯಿಯರದು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2019ರಲ್ಲಿ ಕರ್ನಾಟಕ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಬಡ ತಂದೆತಾಯಿಯರ ಆಸೆಯನ್ನು ನಾನು ಹಳಿಯಲಾರೆ. ಇಂಗ್ಲಿಷಿನ ಫಲವುಂಡ ನಮ್ಮಂಥವರು ಹಳಿಯುವುದು ಸಲ್ಲದು ಕೂಡ. ಆದರೆ ಕನ್ನಡ ಬಿಟ್ಟು ಬೇರೇನೂ ಕೇಳಿರದ ಮಗು ಆ ಬೆಂಚಿನ ಮೇಲೆ ಕುಳಿತಾಗ, ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಗುವಿಗೂ ಅದಕ್ಕೂ ವ್ಯತ್ಯಾಸವೇನು? ಅದು ತನ್ನದೇ ನಾಡಿನಲ್ಲಿ, ತನ್ನದೇ ಭಾಷೆಯ ಬಹುಸಂಖ್ಯಾತರ ನಡುವೆ ಕುಳಿತಿದೆ. ಆದ್ದರಿಂದ ಯಾವ ಅಲ್ಪಸಂಖ್ಯಾತರ ವಿಧಿಯೂ ಅದರ ನೆರವಿಗೆ ಬಾರದು.

ಮಾಧ್ಯಮದ ಆಯ್ಕೆ ಹಿರಿಯರದಿರಬಹುದು. ಅರ್ಥವಾಗುವಂತೆ ಕಲಿಸಿಕೊಳ್ಳುವ ಹಕ್ಕು ಮಗುವಿನದು. ಕನ್ನಡದ ಆಸರೆಯಿಂದ ಇಂಗ್ಲಿಷಿಗೆ ಕೈಹಿಡಿದು ನಡೆಸುವ ಉಪಾಧ್ಯಾಯರನ್ನು ಒದಗಿಸದೆ ಇಂಗ್ಲಿಷ್ ತರಗತಿಯ ಫಲಕವನ್ನಷ್ಟೇ ತೂಗುಹಾಕಿದರೆ, ನಾವು ಕೂಸಿನ ಎಲೆಗೆ ಚಕ್ಕುಲಿ ಬಡಿಸಿದಂತೆಯೇ ಸರಿ. ಹತ್ತು ಮಕ್ಕಳಾಗಲಿ ಎಂದು ಕಾನೂನು ಕಾಯಬಹುದು. ತರಗತಿಯಲ್ಲಿ ನಿಂತ ಉಪಾಧ್ಯಾಯನು ಕಾಯಲಾಗದು. ಅವನ ಎದುರಿಗಿರುವುದು ಯಾವಾಗಲೂ ಒಂದು ಮಗು.