ಥರ್ಮಾಮೀಟರು ಯಾರ ಕೈ ದಾಟಿ ಬಂತು?

(ಹುಣಸೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಈ ನಾಲ್ಕೂ ತಾಲ್ಲೂಕಿನ ಕೇರಿಗಳಿಂದ, ಹಾಡಿಗಳಿಂದ ಬಂದು ಇಲ್ಲಿ ಕೂತಿದ್ದೀರಿ. ನಾವು ಡಾಕ್ಟರಿಕೆ ಓದಿದವರಲ್ಲ. ಬಿ.ಎ. ಮಾಡಿ ಪದ್ಯ ಬರೆದುಕೊಂಡು ತಿರುಗುವವರು. ಆದರೆ ಅವ್ವನ ಕೈ ಹಿಡಿದು ಆಸ್ಪತ್ರೆ ಬಾಗಿಲಲ್ಲಿ ಕಾದು ಕೂರೋದು ಏನು ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಆ ಬಾಗಿಲ ಬಗ್ಗೆ ನಾಲ್ಕು ಮಾತು ಹೇಳಬೇಕು.

1929ರಲ್ಲಿ ಗುಜರಾತಿನ ಕಾಠಿಯಾವಾಡದ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದ ನಮ್ಮವರೊಬ್ಬರ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದರು. ಕೇರಿಗೆ ಬರೋದಿಲ್ಲ, ಮುಟ್ಟೋದಿಲ್ಲ ಅಂದ ಡಾಕ್ಟರು. ಊರ ದೊಡ್ಡವರು ಹೇಳಿ, ಎರಡು ರೂಪಾಯಿ ಫೀಸಿಗೆ ಜಾಮೀನು ನಿಂತ ಮೇಲೆ ಬಂದ. ಬಂದದ್ದು ಕೇರಿಯ ಹೊರಗಿನವರೆಗೆ ಮಾತ್ರ. ಬಾಣಂತಿಯನ್ನು ಕೂಸಿನ ಸಮೇತ ಅಲ್ಲಿಗೇ ಕರೆತರಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಮೇಷ್ಟರಿಗೆ ಕೊಟ್ಟ, ಮೇಷ್ಟರು ಹೆಂಡತಿಗೆ ಇಟ್ಟರು. ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ದೀಪದ ಬೆಳಕಲ್ಲಿ ನೋಡಿ ನ್ಯುಮೋನಿಯಾ ಅಂದ, ಔಷಧಿ ಕಳಿಸಿದ. ಎರಡನೇ ಸಲ ಕರೆದಾಗ ಬರಲೇ ಇಲ್ಲ. ಆಕೆ ತೀರಿಕೊಂಡರು. ಆ ಮೇಷ್ಟರ ಕಾಗದ ಗಾಂಧೀಜಿಯ ‘ಯಂಗ್ ಇಂಡಿಯಾ’ದಲ್ಲಿ 1929ರ ಡಿಸೆಂಬರ್ 12ರಂದು ಅಚ್ಚಾಯಿತು. ಬಾಬಾಸಾಹೇಬರು ಅದನ್ನು ‘ವೇಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಎತ್ತಿ ಬರೆದಿದ್ದಾರೆ.

ಆ ಡಾಕ್ಟರಿಗೆ ವಿದ್ಯೆ ಇತ್ತು, ಔಷಧಿಯೂ ಇತ್ತು. ನಾಡಿ ಮುಟ್ಟುವ ಕೈ ಮಾತ್ರ ಇರಲಿಲ್ಲ.

ಹಳೇ ಕತೆ ಅನ್ನಬೇಡಿ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಕ್ಕೆ ಬನ್ನಿ. ಮಳೆಯಲ್ಲಿ ನೆಂದ ಸೊಪ್ಪು ಮುರಿದು, ಎದೆಗವುಚಿಕೊಂಡು ಬ್ಯಾರನ್ನಿಗೆ ಸಾಗಿಸುವವರಲ್ಲಿ ನಮ್ಮವರೆಷ್ಟು ಜನ! ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತೆ. ತಲೆಸುತ್ತು, ವಾಂತಿ, ನಿತ್ರಾಣ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೂ ಇದೆ, ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಅಂತ. ನಮ್ಮ ದೊಡ್ಡಪ್ಪ ಹೀಗೇ ತೂರಾಡುತ್ತಾ ಒಂದು ಆಸ್ಪತ್ರೆಗೆ ಹೋದಾಗ ಸಿಕ್ಕ ಮಾತು: “ಬೆಳಗ್ಗೇನೇ ಕುಡ್ಕೊಂಡ್ ಬಂದಿದೀಯೇನೋ? ಆಚೆ ಕೂತ್ಕೊ.” ದೊಡ್ಡಪ್ಪ ಕುಡಿದಿರಲಿಲ್ಲ. ಏನು ಕೆಲಸ ಮಾಡ್ತೀಯಪ್ಪ ಅಂತ ಒಂದು ಮಾತು ಕೇಳಿದ್ದರೆ ಕಾಯಿಲೆ ಗೊತ್ತಾಗುತ್ತಿತ್ತು. ಅವರು ಕೇಳಿದ್ದು ಯಾವ ಕೇರಿ ಅಂತ.

ಕೋಟೆ ಕಡೆಯ ಹಾಡಿಗಳಲ್ಲಿ ಇನ್ನೊಂದು ಸಂಕಟ. ಜೇನುಕುರುಬ ಮೊದಲಾದ ಕಾಡಿನ ಜನರಲ್ಲಿ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇದೆ. ದುಂಡಗಿರಬೇಕಾದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ನರಗಳಲ್ಲಿ ಸಿಕ್ಕಿಕೊಳ್ಳುತ್ತೆ. ಮೂಳೆ ಮುರಿದಂಥ ನೋವು. ಮೇಲೆ ನೋಡಿದರೆ ಗಾಯವಿಲ್ಲ, ಹಾಗಾಗಿ ಹುಡುಗನಿಗೆ ಸೋಮಾರಿ ಅಂತ ಹೆಸರು. ತಂದೆ ತಾಯಿ ಇಬ್ಬರಲ್ಲೂ ಇದರ ಒಂದೊಂದು ಅಂಶ ಇದ್ದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದೇ ಕಡೆಯಿಂದ ಬಂದರೆ ಅದು ಮಲೇರಿಯಾ ವಿಕೋಪಕ್ಕೆ ಹೋಗದ ಹಾಗೆ ತಕ್ಕಮಟ್ಟಿಗೆ ಕಾಪಾಡುತ್ತೆ. ನಮ್ಮ ಜನರ ರಕ್ತ ಕೆಟ್ಟದ್ದಲ್ಲ, ಮಲೇರಿಯಾದ ಕಾಡಿನಲ್ಲಿ ಬದುಕಿ ಬಂದ ರಕ್ತ.

ನೀಲಗಿರಿಯ ಆದಿವಾಸಿಗಳಲ್ಲಿ ಇದು ಗೊತ್ತಾದದ್ದು 1952ರಲ್ಲಿ. ನೀಲಗಿರಿ ಕೋಟೆಗೆ ಎಷ್ಟು ದೂರ? ದೇಶದ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ಅಭಿಯಾನ ಶುರು ಮಾಡಿದ್ದು 2023ರ ಜುಲೈ 1ಕ್ಕೆ. ನಡುವೆ 71 ವರ್ಷ! ಅಷ್ಟರೊಳಗೆ ನಾಗರಹೊಳೆ ಕಾಡಿನಿಂದ ಹಾಡಿಗಳನ್ನು ಎತ್ತಂಗಡಿ ಮಾಡಲು ಮಾತ್ರ ಸರ್ಕಾರಕ್ಕೆ ಪುರುಸೊತ್ತಿತ್ತು.

ಇದೇ ಕಾಯಿಲೆ ಅಮೆರಿಕದ ಕಪ್ಪು ಜನರಲ್ಲೂ ಇದೆ. ಅಲ್ಲಿನ ಸರ್ಕಾರವೂ ಬಹುಕಾಲ ಕಣ್ಣು ಮುಚ್ಚಿತ್ತು. 1971ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹುಡುಗ ಹುಡುಗಿಯರು ತಾವೇ ಬೀದಿಗಿಳಿದು ತಮ್ಮ ಜನರ ರಕ್ತಪರೀಕ್ಷೆ ಮಾಡಿಸಿದರು. ಅವರ ಹೆಸರನ್ನೇ ತೆಗೆದುಕೊಂಡು ಮಾರನೇ ವರ್ಷ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು.

ಯಂತ್ರಕ್ಕೆ ಭೇದ ಇಲ್ಲ ಅನ್ನುತ್ತಾರೆ. ಕೋವಿಡ್ಡಿನಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದರಲ್ಲ, ಆಕ್ಸಿಜನ್ ಅಳೆಯುವ ಆಕ್ಸಿಮೀಟರು? 2020ರಲ್ಲಿ ಅಮೆರಿಕದ ವೈದ್ಯರು ಪರೀಕ್ಷಿಸಿದಾಗ, ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಕಪ್ಪು ರೋಗಿಗಳಲ್ಲಿ ಆಕ್ಸಿಜನ್ ಇಳಿದದ್ದು ಅದಕ್ಕೆ ಕಾಣಲೇ ಇಲ್ಲ. ಯಂತ್ರ ಮಾಡುವವರು ಯಾರ ಚರ್ಮವನ್ನು ಮುಂದಿಟ್ಟುಕೊಂಡಿದ್ದರು? ಥರ್ಮಾಮೀಟರು ಕೈ ದಾಟಿದ ಹಾಗೆಯೇ ಇದೂ ಒಂದು ದಾಟುವಿಕೆ.

ಹಾಗಾದರೆ ನಾವು ಮಾಡೋದೇನು? ಮೊದಲು ಕಾನೂನು ತಿಳಿಯೋಣ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ನು ಓದಿ. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸದಿದ್ದರೆ ಅಪರಾಧ. ಸೇರಿಸಿಕೊಂಡ ಮೇಲೆ ಒಳಗೆ ಭೇದ ಮಾಡಿದರೂ ಅಪರಾಧ. ಒಂದು ತಿಂಗಳಿಂದ ಆರು ತಿಂಗಳವರೆಗೆ ಜೈಲು, ಜೊತೆಗೆ ದಂಡ. ಪರಿಶಿಷ್ಟ ಜಾತಿಯವರನ್ನು, ಪರಿಶಿಷ್ಟ ಪಂಗಡದವರನ್ನು ಆಸ್ಪತ್ರೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗದಂತೆ ತಡೆಯುವುದನ್ನು 2015ರ ತಿದ್ದುಪಡಿ ದೌರ್ಜನ್ಯ ತಡೆ ಕಾಯ್ದೆಯೊಳಕ್ಕೂ ತಂದಿದೆ.

ಆಮೇಲೆ ಕೈಕಾಲಿನ ಕೆಲಸ. ರಜಕ್ಕೆ ಊರಿಗೆ ಹೋದಾಗ ಕೇರಿಯ ಒಬ್ಬ ರೋಗಿಯ ಜೊತೆ ಆಸ್ಪತ್ರೆಗೆ ಹೋಗಿ. ಚೀಟಿ ಓದಿ ಹೇಳಿ. ಮುಟ್ಟದೆ ಬರೆದರೆ, “ಸಾರ್, ಒಂದ್ಸಲ ಪರೀಕ್ಷೆ ಮಾಡಿ ನೋಡಿ” ಅಂತ ನಿಂತು ಕೇಳಿ. ಬೈದರೆ ದಿನ, ಗಂಟೆ, ಆಡಿದ ಮಾತು ಬರೆದಿಡಿ. ಹಾಡಿಯ ಗೆಳೆಯರು ಸಿಕಲ್ ಸೆಲ್ ಪರೀಕ್ಷೆ ಮಾಡಿಸಿ, ಮನೆಯವರಿಗೂ ಮಾಡಿಸಿ. ಸೈನ್ಸ್ ಓದುವವರು ನರ್ಸಿಂಗಿಗೆ, ಡಾಕ್ಟರಿಕೆಗೆ ಹೋಗಿ. ಮುಟ್ಟಿ ನೋಡುವ ಡಾಕ್ಟರುಗಳೂ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ನಮ್ಮ ಜೀವ ಇನ್ನೊಬ್ಬರ ಒಳ್ಳೇತನಕ್ಕೆ ಬಿಟ್ಟ ವಿಚಾರ ಆಗಬಾರದು.

ಆ ಮೇಷ್ಟರಿಗೆ ಓದು ಬರಹ ಬರುತ್ತಿತ್ತು. ಹೆಂಡತಿಯನ್ನು ಉಳಿಸಿಕೊಳ್ಳಲಾಗಲಿಲ್ಲ, ಆದರೆ ಕಾಗದ ಬರೆದರು. ಹಾಗಾಗಿಯೇ ಇವತ್ತು ಆಕೆಯ ಸಾವು ನಮಗೆ ಗೊತ್ತು. ನಿಮಗೂ ಓದು ಬರಹ ಬರುತ್ತೆ. ಅವ್ವ ಇನ್ನೂ ಬಾಗಿಲಲ್ಲಿ ಕೂತಿದ್ದಾಳೆ, ಎದ್ದು ಹೋಗಿ ಜೊತೆಗೆ ನಿಲ್ಲಿ.

ಜೈ ಭೀಮ್.