ಕ್ಷಮಿಸುವ ಹಕ್ಕು ಯಾರದು?

(ಲೈಂಗಿಕ ದೌರ್ಜನ್ಯ ಮತ್ತು ನ್ಯಾಯ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಬರಹ ರೂಪ)



ಅತ್ಯಾಚಾರದ ಸುದ್ದಿ ಬಂದಾಗಲೆಲ್ಲ ನಮ್ಮ ನಡುವೆ ಎರಡು ಧ್ವನಿಗಳು ಕೇಳಿಬರುತ್ತವೆ. ಆರೋಪಿ ಅಪರಿಚಿತನಾಗಿದ್ದರೆ, 'ಗಲ್ಲಿಗೇರಿಸಿ' ಎಂಬ ಕೂಗು. ಅವನು ಬಂಧುವೋ ನೆರೆಯವನೋ ಮಕ್ಕಳಿಗೆ ಪಾಠ ಹೇಳುವವನೋ ಆಗಿದ್ದರೆ, 'ಕೂತು ಮಾತಾಡಿ ಮುಗಿಸೋಣ' ಎಂಬ ಪಿಸುಮಾತು. ನಮ್ಮ ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಸಂತ್ರಸ್ತೆಗೆ ಪರಿಚಿತನೇ ಆಗಿರುತ್ತಾನೆ. ಆದ್ದರಿಂದ ನಾವು ಚರ್ಚಿಸಬೇಕಾದುದು ಆ ಪಿಸುಮಾತಿನ ಕುರಿತು.

ಇತ್ತೀಚೆಗೆ ಈ ಪಿಸುಮಾತಿಗೆ ಒಂದು ಗೌರವದ ಹೆಸರನ್ನು ಹಚ್ಚುವ ಅಪಾಯ ಕಾಣುತ್ತಿದೆ. ಆ ಹೆಸರು ಪುನಃಸ್ಥಾಪಕ ನ್ಯಾಯ. ಯಾವ ಕಾನೂನು ಮುರಿಯಿತು, ಮುರಿದವನಿಗೆ ಶಿಕ್ಷೆಯೇನು ಎಂದು ಸಾಮಾನ್ಯ ನ್ಯಾಯಾಲಯ ಕೇಳುತ್ತದೆ. ಯಾರಿಗೆ ನೋವಾಯಿತು, ಅವರಿಗೆ ಏನು ಬೇಕು, ಅದನ್ನು ತುಂಬಿಕೊಡುವ ಹೊಣೆ ಯಾರದು ಎಂದು ಪುನಃಸ್ಥಾಪಕ ನ್ಯಾಯ ಕೇಳುತ್ತದೆ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಆಸ್ತಿಪಾಸ್ತಿ ಹಾಳುಗೆಡವಿದ ಇಬ್ಬರು ಯುವಕರನ್ನು ನಷ್ಟ ಅನುಭವಿಸಿದವರ ಮನೆಮನೆಗೆ ಕರೆದೊಯ್ದಲ್ಲಿಂದ ಇದರ ಆಧುನಿಕ ಚರಿತ್ರೆ ಆರಂಭವಾಗುತ್ತದೆ. ನ್ಯೂಜಿಲೆಂಡ್ 1989ರಲ್ಲಿ ಕಿರಿಯ ಅಪರಾಧಿಗಳಿಗಾಗಿ ಕುಟುಂಬ ಸಭೆಯ ಪದ್ಧತಿಯನ್ನು ಕಾನೂನಿನೊಳಗೆ ತಂದಿತು.

ಲೈಂಗಿಕ ಅಪರಾಧಗಳಲ್ಲಿ ಇದನ್ನು ಪರೀಕ್ಷಿಸಿದವರು ವಿರಳ. ಅಮೆರಿಕದ ಅರಿಝೋನಾ ರಾಜ್ಯದಲ್ಲಿ ವಿದ್ವಾಂಸೆ ಮೇರಿ ಕಾಸ್ ಅವರು 2003ರಿಂದ 2007ರವರೆಗೆ 'ರಿಸ್ಟೋರ್' ಎಂಬ ಯೋಜನೆಯನ್ನು ನಡೆಸಿದರು. ಅದರ ಷರತ್ತುಗಳನ್ನು ಗಮನಿಸಿರಿ. ಪ್ರಕರಣವನ್ನು ಕಳುಹಿಸುತ್ತಿದ್ದವರು ಸರಕಾರಿ ಅಭಿಯೋಜಕರು. ಸಂತ್ರಸ್ತೆಯ ಸ್ವತಂತ್ರ ಒಪ್ಪಿಗೆಯಿಲ್ಲದೆ ಏನೂ ನಡೆಯುತ್ತಿರಲಿಲ್ಲ. ಅಪರಾಧಿಯು ತನ್ನ ಕೃತ್ಯದ ಹೊಣೆಯನ್ನು ಒಪ್ಪಿಕೊಳ್ಳಬೇಕಿತ್ತು. ತರಬೇತಿ ಪಡೆದವರ ಸಮ್ಮುಖದಲ್ಲಿ ಅವಳ ನೋವನ್ನು ಕುಳಿತು ಕೇಳಬೇಕಿತ್ತು. ಪರಿಹಾರ ಮತ್ತು ಚಿಕಿತ್ಸೆಯ ಕರಾರುಗಳನ್ನು ಅವನು ಪಾಲಿಸುತ್ತಿದ್ದಾನೆಯೇ ಎಂದು ಒಂದು ವರ್ಷ ನಿಗಾ ಇಡಲಾಗುತ್ತಿತ್ತು.

'ಇದು ನಮ್ಮ ಪಂಚಾಯಿತಿಯೇ ಅಲ್ಲವೇ?' ಎಂದು ಹಿರಿಯರು ಕೇಳಬಹುದು. ಖಂಡಿತ ಅಲ್ಲ. ಅಲ್ಲಿ ಸಂತ್ರಸ್ತೆ ಮಾತನಾಡುತ್ತಾಳೆ, ನಮ್ಮಲ್ಲಿ ಅವಳ ತಂದೆಯಿಂದ ಸಹಿ ಹಾಕಿಸಲಾಗುತ್ತದೆ. ಅಲ್ಲಿ ಅಪರಾಧಿ ತಪ್ಪೊಪ್ಪಿಕೊಳ್ಳುತ್ತಾನೆ, ನಮ್ಮಲ್ಲಿ 'ಏನೋ ಆಗಿಹೋಯಿತು' ಎನ್ನಲಾಗುತ್ತದೆ. ಅಲ್ಲಿ ಸತ್ಯ ಹೊರಬರುತ್ತದೆ, ನಮ್ಮಲ್ಲಿ ಅದನ್ನು ಹೂಳಲಾಗುತ್ತದೆ. ಕೆಲವೊಮ್ಮೆ ಅವನೊಂದಿಗೇ ಅವಳ ನಿಕಾಹ್ ಮಾಡಿಸುವ ಮಾತೂ ಬರುತ್ತದೆ. ಇದನ್ನು ನ್ಯಾಯವೆನ್ನಲು ಸಾಧ್ಯವೇ?

2005ರಲ್ಲಿ ಉತ್ತರ ಪ್ರದೇಶದ ಮುಝಫ್ಫರ್‌ನಗರ ಜಿಲ್ಲೆಯಲ್ಲಿ ಸೊಸೆಯೊಬ್ಬಳು ಮಾವನ ಮೇಲೆ ಅತ್ಯಾಚಾರದ ದೂರು ನೀಡಿದಾಗ ನಡೆದುದನ್ನು ನಾವು ಮರೆಯುವಂತಿಲ್ಲ. ಊರ ಪಂಚಾಯಿತಿಯು ಚರ್ಚಿಸಿದ್ದು ಅವಳ ಗಾಯವನ್ನಲ್ಲ, ಅವಳ ದಾಂಪತ್ಯವನ್ನು. ಅವಳು ಪತಿಯೊಂದಿಗೆ ಬಾಳುವಂತಿಲ್ಲ ಎಂಬ ಫತ್ವಾ ಕೂಡ ಹೊರಬಿತ್ತು. ಆದರೆ ವ್ಯಭಿಚಾರದಿಂದ ಇಂತಹ ನಿಷಿದ್ಧತೆ ಉಂಟಾಗದೆಂಬುದು ಶಾಫಿಈ ಮದ್‌ಹಬ್‌ನ ನಿಲುವು. 2006ರಲ್ಲಿ ವಿಚಾರಣಾ ನ್ಯಾಯಾಲಯವು ಮಾವನಿಗೆ 10 ವರ್ಷಗಳ ಶಿಕ್ಷೆ ವಿಧಿಸಿತು. ಅಪರಾಧ ಅವನದೆಂದು ನ್ಯಾಯಾಲಯ ಹೇಳುವುದಕ್ಕೆ ಮೊದಲೇ ಸಮಾಜವು ಅವಳ ಮನೆ ಮುರಿಯಲು ಹೊರಟಿತ್ತು.

ರೋಗ ನಮ್ಮ ಸಮುದಾಯದ್ದು ಮಾತ್ರವಲ್ಲ. 2015ರಲ್ಲಿ ಮದ್ರಾಸ್ ಹೈಕೋರ್ಟ್ ಅತ್ಯಾಚಾರ ಪ್ರಕರಣವೊಂದನ್ನು ಸಂಧಾನಕ್ಕೆ ಕಳುಹಿಸಿ, ಬಳಿಕ ಆ ಆದೇಶವನ್ನು ಹಿಂದೆಗೆದುಕೊಂಡಿತು. 2020ರಲ್ಲಿ ಮಧ್ಯಪ್ರದೇಶದ ಹೈಕೋರ್ಟ್, ಆರೋಪಿಯು ಸಂತ್ರಸ್ತೆಯ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕೆಂದು ಜಾಮೀನಿನ ಷರತ್ತು ವಿಧಿಸಿತು. ಸುಪ್ರೀಂ ಕೋರ್ಟ್ 2021ರಲ್ಲಿ ಅದನ್ನು ರದ್ದುಪಡಿಸಿತು. ಅತ್ಯಾಚಾರವು ಕಕ್ಷಿದಾರರು ರಾಜಿ ಮಾಡಿಕೊಳ್ಳುವ ವಿಷಯವಲ್ಲ, ಸಂತ್ರಸ್ತೆಯ ಒಪ್ಪಿಗೆಯ ಹಿಂದೆ ಒತ್ತಡವಿರುವ ಸಾಧ್ಯತೆಯಿದೆ ಎಂದು ಅದೇ ನ್ಯಾಯಾಲಯ 2013ರಲ್ಲೇ ಹೇಳಿತ್ತು.

ಇಸ್ಲಾಮಿನ ನಿಲುವೇನು? ಕ್ಷಮಿಸಿ ಸುಧಾರಣೆ ಮಾಡಿಕೊಂಡವರಿಗೆ ಅಲ್ಲಾಹನ ಬಳಿ ಪ್ರತಿಫಲವಿದೆಯೆಂದು ಪವಿತ್ರ ಕುರ್‌ಆನ್ ಶೂರಾ ಅಧ್ಯಾಯದಲ್ಲಿ ಹೇಳುತ್ತದೆ. ನಮ್ಮ ಉಪನ್ಯಾಸಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಅನ್ಯಾಯಕ್ಕೊಳಗಾದವರು ತಮ್ಮ ಹಕ್ಕನ್ನು ಕೇಳಿದರೆ ಅವರ ಮೇಲೆ ಯಾವ ಆಕ್ಷೇಪವೂ ಇಲ್ಲವೆಂದು ಅದರ ಮರುವಚನವೇ ಸಾರುತ್ತದೆ. ಅಂದರೆ ತನಗಾದ ನೋವನ್ನು ಮನ್ನಿಸುವ ಹಕ್ಕು ನೊಂದವಳದು, ಜಮಾಅತ್ ಅಧ್ಯಕ್ಷರದ್ದಲ್ಲ. ಪ್ರವಾದಿ(ಸ)ರ ಕಾಲದಲ್ಲಿ ನಮಾಝ್‌ಗೆ ಹೊರಟ ಮಹಿಳೆಯ ಮೇಲೆ ಅತ್ಯಾಚಾರವಾದ ಘಟನೆ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಪ್ರವಾದಿ(ಸ)ರು ಅವಳನ್ನು ದಂಡಿಸದೆ ಸಾಂತ್ವನದ ಮಾತು ಹೇಳಿ ಕಳುಹಿಸಿದರು. ಪ್ರತಿಷ್ಠಿತ ಕುಲದ ಮಹಿಳೆಯೊಬ್ಬಳ ಕಳವಿನ ಪ್ರಕರಣದಲ್ಲಿ ಆಪ್ತರಾದ ಉಸಾಮಾ(ರ) ಶಿಫಾರಸು ತಂದಾಗ ಅವರು ಕೋಪಗೊಂಡರೆಂಬುದೂ ಬುಖಾರಿಯಲ್ಲಿದೆ. ಪ್ರತಿಷ್ಠಿತರನ್ನು ಬಿಟ್ಟು ದುರ್ಬಲರನ್ನು ದಂಡಿಸಿದ ಜನಾಂಗಗಳು ನಾಶವಾದುವೆಂದು ಅಂದು ಅವರು ಎಚ್ಚರಿಸಿದರು.

2022ರ ಆಗಸ್ಟ್ 15ರಂದು ಬಿಲ್ಕೀಸ್ ಬಾನು ಪ್ರಕರಣದ 11 ಅಪರಾಧಿಗಳನ್ನು ಅವಧಿಗೆ ಮುನ್ನ ಬಿಡುಗಡೆ ಮಾಡಿದಾಗ, ಅವರಿಗೆ ಹಾರ ಹಾಕಿದಾಗ, ನಾವೆಲ್ಲ ಒಂದೇ ಪ್ರಶ್ನೆ ಕೇಳಿದೆವು: ಆ ಸಹೋದರಿಯನ್ನು ಕೇಳಿದಿರಾ? 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದುಗೊಳಿಸಿದಾಗ ನೆಮ್ಮದಿಪಟ್ಟೆವು. ಅದೇ ಪ್ರಶ್ನೆಯನ್ನು ನಮ್ಮ ಮೊಹಲ್ಲಾದ ಬಾಗಿಲು ಮುಚ್ಚಿದ ಕೋಣೆಯಲ್ಲೂ ಕೇಳಲು ನಾವು ಸಿದ್ಧರಿದ್ದೇವೆಯೇ? ನಮ್ಮದೇ ವಿರುದ್ಧವಾದರೂ, ತಂದೆತಾಯಿ ಬಂಧುಗಳ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬ ಆದೇಶ ನಿಸಾ ಅಧ್ಯಾಯದಲ್ಲಿದೆ. ಪತ್ರಕರ್ತರಾದ ನಾವೂ ಈ ಪ್ರಶ್ನೆಯಿಂದ ಹೊರತಲ್ಲ. ಸಮುದಾಯದ ಮಾನದ ಹೆಸರಲ್ಲಿ ನಾವೂ ಮೌನವಹಿಸಿದ್ದುಂಟು.

ಹಾಗಾದರೆ ಜಮಾಅತ್‌ಗೆ ಕೆಲಸವಿಲ್ಲವೇ? ಬೇಕಾದಷ್ಟಿದೆ. ಅದು ತೀರ್ಪು ಕೊಡುವ ಕೆಲಸವಲ್ಲ, ಜೊತೆ ನಿಲ್ಲುವ ಕೆಲಸ. ಸಂತ್ರಸ್ತೆಗೆ ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಉಚಿತ ಚಿಕಿತ್ಸೆ ಕೊಡಬೇಕೆಂಬುದು 2013ರಿಂದ ಕಾನೂನು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದು. ಅತ್ಯಾಚಾರ ಸಂತ್ರಸ್ತೆಗೆ 2018ರ ರಾಷ್ಟ್ರೀಯ ಯೋಜನೆಯು 4ರಿಂದ 7 ಲಕ್ಷ ರೂಪಾಯಿಯನ್ನು ನಿಗದಿಪಡಿಸಿತು. ಈ ಅರ್ಜಿ ಬರೆದುಕೊಡಿರಿ. ನ್ಯಾಯಾಲಯಕ್ಕೆ ಅವಳೊಂದಿಗೆ ಮಹಿಳೆಯರನ್ನು ಕಳುಹಿಸಿರಿ. ಅವಳ ಓದು ನಿಲ್ಲದಂತೆ, ವಿವಾಹ ಮುರಿಯದಂತೆ ನೋಡಿಕೊಳ್ಳಿರಿ. ಮಕ್ಕಳ ಮೇಲಿನ ದೌರ್ಜನ್ಯ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಸ್ವತಃ ಅಪರಾಧ. ಮುಚ್ಚಿಹಾಕುವ ಸಮಿತಿಗೆ ಅದರಿಂದ ವಿನಾಯಿತಿಯಿಲ್ಲ.

ಪುನಃಸ್ಥಾಪನೆ ಎಂದರೆ ಕಳೆದುಹೋದುದನ್ನು ಮರಳಿಸುವುದು. ಅವಳಿಂದ ಕಸಿದದ್ದು ಸುರಕ್ಷತೆ, ಗೌರವ ಮತ್ತು ಮಾತು. ಮೊದಲು ಅವುಗಳನ್ನು ಮರಳಿಸೋಣ. ಕ್ಷಮೆಯ ಮಾತನ್ನು ಅವಳೇ ಎತ್ತುವವರೆಗೆ ನಾವು ಎತ್ತದಿರೋಣ. ಅಲ್ಲಾಹನು ನಮಗೆ ನ್ಯಾಯದ ಪರ ನಿಲ್ಲುವ ಧೈರ್ಯವನ್ನು ಕರುಣಿಸಲಿ. ಆಮೀನ್.