ಶೋಕದ ಹಗಲು, ಸಂಭ್ರಮದ ಇರುಳು



ಇಸ್ರೇಲಿನ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅಲ್ಲಿನ ಸಾಹಿತಿಗಳು ತಮ್ಮ ದೇಶದ ರಾಷ್ಟ್ರೀಯ ದಿನಗಳ ಬಗ್ಗೆ ಏನು ಯೋಚಿಸಿದ್ದಾರೆ ಎಂಬುದು ನಮಗೆ ಅಷ್ಟಾಗಿ ತಿಳಿಯದು. ಮೂವರು ಯಹೂದಿ ಲೇಖಕರ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅಲ್ಲಿ ಮಡಿದ ಸೈನಿಕರ ಸ್ಮರಣೆಯ ದಿನ ಬೆಳಿಗ್ಗೆ 11 ಗಂಟೆಗೆ ಎರಡು ನಿಮಿಷ ಸೈರನ್ ಮೊಳಗುತ್ತದೆ. ವಾಹನಗಳು ನಿಲ್ಲುತ್ತವೆ, ಜನ ಕೆಳಗಿಳಿದು ಮೌನವಾಗಿ ನಿಲ್ಲುತ್ತಾರೆ. ಅಂದೇ ಕತ್ತಲಾಗುತ್ತಿದ್ದಂತೆ ಜೆರುಸಲೇಮಿನಲ್ಲಿ ಪಂಜುಗಳನ್ನು ಹೊತ್ತಿಸಿ ಸ್ವಾತಂತ್ರ್ಯೋತ್ಸವ ಆರಂಭಿಸುತ್ತಾರೆ. ಮಗನನ್ನು ಕಳೆದುಕೊಂಡ ತಾಯಿತಂದೆಯರಿಗೆ ಆ ಸಂಜೆಯನ್ನು ದಾಟುವುದು ಸುಲಭವಲ್ಲ.

ಅಮೋಸ್ ಓಝ್ ತಮ್ಮ ಆತ್ಮಕಥನದಲ್ಲಿ 1947ರ ನವೆಂಬರ್ 29ರ ರಾತ್ರಿಯನ್ನು ನೆನೆದಿದ್ದಾರೆ. ವಿಶ್ವಸಂಸ್ಥೆ ಪ್ಯಾಲೆಸ್ಟೈನ್ ವಿಭಜನೆಗೆ ಮತ ನೀಡಿದ ರಾತ್ರಿ ಅದು. ಬೀದಿಯಲ್ಲೆಲ್ಲ ಕುಣಿತ. ಎಂಟು ವರ್ಷದ ಬಾಲಕನ ಪಕ್ಕದಲ್ಲಿ ಮಲಗಿದ ತಂದೆ, ಯುರೋಪಿನ ಶಾಲೆಯಲ್ಲಿ ಯಹೂದಿ ಎಂಬ ಕಾರಣಕ್ಕೆ ಸಹಪಾಠಿಗಳು ತನ್ನನ್ನು ಅವಮಾನಿಸಿದ್ದನ್ನು ಹೇಳಿ ಅತ್ತರಂತೆ. ಸ್ವಾತಂತ್ರ್ಯ ಅವರಿಗೆ ಏನಾಗಿತ್ತು ಎಂಬುದು ಆ ಕಣ್ಣೀರಿನಿಂದ ತಿಳಿಯುತ್ತದೆ.

ಆದರೆ ಅದೇ ಸ್ವಾತಂತ್ರ್ಯ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರ ಮನೆಮಾರು ಕಳೆಯಿತು. ಅವರು ಮೇ 15ರಂದು ಆ ದುರಂತವನ್ನು ‘ನಕ್ಬಾ’ ಎಂದು ನೆನೆಯುತ್ತಾರೆ. ಇದನ್ನು ಮೊದಲಿಗೇ ಬರೆದವರಲ್ಲಿ ಎಸ್. ಯಿಝ್ಹಾರ್ ಎಂಬ ಯಹೂದಿ ಲೇಖಕರೂ ಒಬ್ಬರು. 1948ರ ಯುದ್ಧದಲ್ಲಿ ಅವರು ಸೈನಿಕರಾಗಿದ್ದರು. ಮರುವರ್ಷವೇ ಪ್ರಕಟವಾದ ‘ಖಿರ್ಬೆತ್ ಖಿಝೆ’ ಕಥೆಯಲ್ಲಿ, ಸೈನಿಕರು ಅರಬ್ ಹಳ್ಳಿಯೊಂದನ್ನು ಬರಿದು ಮಾಡುವುದನ್ನು ಅವರಲ್ಲೊಬ್ಬನೇ ನೋವಿನಿಂದ ಹೇಳುತ್ತಾನೆ. ಮುಂದೆ ಈ ಕಥೆ ಅಲ್ಲಿನ ಶಾಲೆಗಳಲ್ಲಿ ಪಾಠವೂ ಆಯಿತು.

ಮೂರನೆಯವರು ಡೇವಿಡ್ ಗ್ರಾಸ್‌ಮನ್. 2006ರ ಆಗಸ್ಟ್‌ನಲ್ಲಿ ಅವರು ಓಝ್ ಮತ್ತು ಎ. ಬಿ. ಯೆಹೊಶುವಾ ಅವರೊಂದಿಗೆ ಲೆಬನಾನ್ ಯುದ್ಧ ನಿಲ್ಲಿಸಿ ಎಂದು ಸರ್ಕಾರವನ್ನು ಕೇಳಿದರು. ಎರಡೇ ದಿನಗಳಲ್ಲಿ ಅವರ 20 ವರ್ಷದ ಮಗ ಊರಿ ಆ ಯುದ್ಧದಲ್ಲಿ ಮಡಿದ. ಆ ತಂದೆ ಸೇಡಿನ ಮಾತನ್ನಾಡಲಿಲ್ಲ. 2018ರ ಸ್ಮರಣೆಯ ದಿನದ ಸಂದರ್ಭದಲ್ಲಿ ಟೆಲ್ ಅವೀವ್‌ನಲ್ಲಿ, ಮಕ್ಕಳನ್ನು ಕಳೆದುಕೊಂಡ ಇಸ್ರೇಲಿಗಳೂ ಪ್ಯಾಲೆಸ್ಟೀನಿಯರೂ ಒಟ್ಟಿಗೆ ಸೇರಿದ ಸಭೆಯಲ್ಲಿ ಮಾತನಾಡಿದರು. ಪ್ಯಾಲೆಸ್ಟೀನಿಯರಿಗೆ ಮನೆ ಇಲ್ಲದಿರುವವರೆಗೆ ಇಸ್ರೇಲಿಗಳಿಗೂ ನಿಜವಾದ ಮನೆ ಇಲ್ಲ ಎಂಬುದು ಅವರ ಮಾತಿನ ಸಾರ. ಅದೇ ವಾರ ಸ್ವಾತಂತ್ರ್ಯ ದಿನದಂದು ಅವರಿಗೆ ಇಸ್ರೇಲ್ ಪ್ರಶಸ್ತಿ ಸಂದಿತು. ಅದರ ಹಣದಲ್ಲಿ ಅರ್ಧವನ್ನು ಇಂಥ ಶೋಕತಪ್ತ ಕುಟುಂಬಗಳ ವೇದಿಕೆಗೂ ಆಶ್ರಯ ಬೇಡಿ ಬಂದವರ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಗೂ ಹಂಚುವುದಾಗಿ ಹೇಳಿದ್ದರು. 2025ರ ಆಗಸ್ಟ್‌ನಲ್ಲಿ, ಗಾಝಾದಲ್ಲಿ ತಮ್ಮ ದೇಶ ಮಾಡುತ್ತಿರುವುದು ಜನಾಂಗಹತ್ಯೆ ಎಂದೂ ನೊಂದು ನುಡಿದರು.

ವಿದ್ಯಾರ್ಥಿಗಳೇ, ಒಬ್ಬರ ದುಃಖವನ್ನು ಅರಿತ ಮಾತ್ರಕ್ಕೆ ಅವರ ಕಡೆಯಿಂದಾದ ಅನ್ಯಾಯವನ್ನು ಒಪ್ಪಿದಂತಾಗುವುದಿಲ್ಲ. ಅನ್ಯಾಯವನ್ನು ಖಂಡಿಸಲು ಒಂದು ಇಡೀ ಜನಾಂಗವನ್ನು ದ್ವೇಷಿಸಬೇಕಾಗಿಯೂ ಇಲ್ಲ. ಯಾವುದೇ ದೇಶದ ಉತ್ಸವವನ್ನು ಕಂಡಾಗ, ಈ ಸಂತೋಷದ ಹಿಂದೆ ಯಾರ ಗಾಯವಿದೆ, ಈ ಸ್ಮರಣೆಯಿಂದ ಯಾರ ಹೆಸರು ಬಿಟ್ಟುಹೋಗಿದೆ ಎಂದು ಕೇಳುವುದನ್ನು ಕಲಿಯಿರಿ. ತನ್ನವರ ನಡುವೆ ನಿಂತು ಈ ಪ್ರಶ್ನೆ ಕೇಳಲು ಹೆಚ್ಚು ಧೈರ್ಯ ಬೇಕು. ಆ ಧೈರ್ಯ ನಿಮ್ಮಲ್ಲಿ ಬೆಳೆಯಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.